ಉಬ್ಬುಗಂಟು

ತೀರ್ಥಹಳ್ಳಿ, ೧೧-೨-೧೯೬೫, ಗುರುವಾರ

ಎಡಗೈ ಬರಹ ಇನ್ನೂ ಕೋಳಿ ಕೆದಕಿದ ಹಾಗೇ ಇದೆ. ಬಲಗೈ ಬೆರಳುಗಳು ದೀಪಾವಳಿಯಿಂದ ಮರಗಟ್ಟಿವೆ. ಯುಗಾದಿಯೊಳಗೆ ಸ್ಪರ್ಶ ಮರಳದಿದ್ದರೆ ಆಸೆ ಬೇಡ ಎಂದಿದ್ದಾರೆ ಡಾಕ್ಟರು. ಬೆರಳಿಗೆ ಕಸರತ್ತಾಗಲಿ ಎಂದು ಹೆಂಡತಿ ಸುಭದ್ರೆ ನನಗೆ ಕ್ರೋಶಾ ಹೆಣಿಗೆ ಕಲಿಸುತ್ತಿದ್ದಾಳೆ. ಬಿ.ಎ. ಓದಿದ್ದು ಇದಕ್ಕೇ ಇರಬೇಕು. ಕಡ್ಡಿಗೆ ಸೊಕ್ಕು, ದಾರಕ್ಕೆ ಸಿಕ್ಕು, ಮೇಷ್ಟರಿಗೆ ತಪ್ಪಿತು ದಿಕ್ಕು.

ಈ ವಾರ ಉಬ್ಬುಗಂಟು. ಒಂದೇ ಕಣ್ಣಿಯೊಳಗೆ ದಾರವನ್ನು ಮತ್ತೆ ಮತ್ತೆ ಎಳೆದು, ಎಲ್ಲವನ್ನೂ ಒಟ್ಟಿಗೆ ಬಿಗಿದರೆ ಅದು ಕಡಲೆಕಾಳಿನಂತೆ ಉಬ್ಬಿ ನಿಲ್ಲುತ್ತದೆ. ಕಣ್ಣಲ್ಲಿ ನೋಡಿಕೊಂಡೇ ಹೇಗೋ ಒಂದು ಸಾಲು ಮುಗಿಸಿದೆ.

"ಈಗ ಕಣ್ಮುಚ್ಚಿ, ಮುಟ್ಟಿ ಹೇಳಿ. ಕದ್ದು ನೋಡಿದ್ರೆ ಬೆಂಚ್ ಮೇಲೆ ನಿಲ್ಲಿಸ್ತೀನಿ" ಎಂದಳು.

ಕಣ್ಮುಚ್ಚಿ ಬಲಗೈ ಚಾಚಿದೆ. ಬೆರಳಿಗೆ ಏನೂ ತಿಳಿಯಲಿಲ್ಲ. ಅವಳು ಉಸಿರು ಹಿಡಿದು ಕಾಯುತ್ತಿರುವುದು ಮಾತ್ರ ತಿಳಿಯಿತು.

"ಹ್ಞಾಂ, ಸಿಗ್ತು. ಸಾಲಾಗಿ ಇದಾವೆ" ಎಂದೆ.

ಕಣ್ಣು ಬಿಟ್ಟೆ. ನನ್ನ ಬೆರಳುಗಳಿದ್ದದ್ದು ಅವಳ ಸೆರಗಿನ ಮೇಲೆ. ನಾನು ಹೆಣೆದ ತುಂಡು ಅವಳ ಕೈಯಲ್ಲೇ ಇತ್ತು.

"ನಾಳೆ ಇನ್ನೂ ಚೆನ್ನಾಗಿ ಸಿಗ್ತದೆ, ಬಿಡಿ" ಎನ್ನುತ್ತ ಸೆರಗನ್ನು ಮೆಲ್ಲಗೆ ಎಳೆದುಕೊಂಡಳು.

ಹೂಂ ಎಂದೆ. ತುಂಡನ್ನು ಅವಳ ಕೈಯಿಂದ ತೆಗೆದುಕೊಂಡು ಮುಂದಿನ ಸಾಲು ಶುರುಮಾಡಿದೆ.