ನಾನಿರುವ ಮನೆ ನಿನ್ನದು

ಬೋರೇಗೌಡ,

ನಾನಿರುವ ಮನೆಯ ಕಂದಾಯವನ್ನು ಇಷ್ಟು ವರ್ಷ ನೀನು ಕಟ್ಟಿದ್ದೀಯೆ, ನಿನ್ನ ಮನೆಯದನ್ನು ನಾನು. ಇ-ಖಾತೆಗೆಂದು ಇವತ್ತು ಅಳತೆಗೆ ಬಂದಿದ್ದ ಪುರಸಭೆಯ ಶಾಂತರಾಜು ಇದನ್ನು ಹೇಳಿದರು.

ಪಾಯ ತೆಗೆಯುವ ಮುಂಚೆ ನಿಮ್ಮ ತಾಯಿ ನನ್ನ ಮೂಲೆ ಸೈಟೇ ಬೇಕೆಂದಾಗ ನಾವಿಬ್ಬರೂ ಬಾಯಿಮಾತಿನಲ್ಲೇ ಅದಲುಬದಲು ಮಾಡಿಕೊಂಡೆವು. ಖಾತೆ ಬದಲಾಯಿಸಲಿಲ್ಲ.

“ಕಂದಾಯ ಖಾತೆ ನಂಬರಿಗೆ ಓಗುತ್ತೆ ಸಾ, ಒಳಗೆ ಯಾರವ್ರೆ ಅಂತ ನೋಡಲ್ಲ,” ಎಂದರು ಶಾಂತರಾಜು.

“ಅಂಗಾದ್ರೆ ಇವರಿಬ್ರೂ ಯಾವುದಕ್ಕೆ ಮಾತು ಬಿಟ್ರೋ, ಎರಡು ಮನೆ ನಡುವಿನ ಆ ತೆಂಗಿನ ಮರ ಯಾರ್ದು?” ಎಂದು ನನ್ನ ಹೆಂಡತಿ ಕೇಳಿದಳು.

“ಬೋರೇಗೌಡ್ರದೇ ಕಣಮ್ಮ. ಈ ಮನೆ ಕೆಳಗಿನ ಜಾಗಾನೂ ಅವರ್ದೇ. ಓದ್ವರ್ಸ ಕಂದಾಯ ಕಟ್ಟೋಕೆ ಬಂದಾಗ ಯೋಳಿದ್ದೆ. ‘ಅವ್ನು ಅಲ್ಲೇ ಇರ್ಲಿ ಬುಡಿ’ ಅಂದ್ಬುಟ್ಟು ದುಡ್ಡು ಕಟ್ಟಿ ಓದ್ರು.”

ನಾನು ಜಗುಲಿಯ ಮೇಲೆ ಕುಳಿತು ಮನೆಯನ್ನು ಬಹಳ ಹೊತ್ತು ನೋಡಿದೆ. ಒಂದು ಮರಕ್ಕಾಗಿ ನಾನು ನಿನಗೆ ಆಡಿದ ಮಾತೆಲ್ಲ ನೆನಪಿದೆ. ನೀನು ಇಡೀ ಮನೆಯ ವಿಷಯ ತಿಳಿದೂ, ಕಂದಾಯ ಕಟ್ಟಿ, ನೀನೀಗ ಇರುವ ಚನ್ನರಾಯಪಟ್ಟಣಕ್ಕೆ ಸುಮ್ಮನೆ ಬಸ್ಸು ಹತ್ತಿದೆ.

ಶಾಂತರಾಜು ನಿನಗೆ ಫೋನು ಮಾಡಿದ್ದಾರೆ. ಸೋಮವಾರ ಹನ್ನೊಂದು ಗಂಟೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನಮ್ಮ ಎರಡೂ ಸೈಟುಗಳ ವಿನಿಮಯ ಪತ್ರದ ನೋಂದಣಿ. ಇಬ್ಬರೂ ಹಾಜರಿರಬೇಕು.