ಲೀಟರಿಗೆ ಆರು

ಜೆನಿಯ ಪಪ್ಪಾ,

ನೀವು ಮಸ್ಕತ್ತಿನಲ್ಲಿದ್ದಾಗ ನಾನು ಕಾಗದ ಬರೆಯುತ್ತಿದ್ದದ್ದು ಕೊಂಕಣಿಯಲ್ಲಿ. ಸಿಟ್ಟು ಬಂದ ವಾರ ಮಾತ್ರ ಕನ್ನಡದಲ್ಲಿ. ಶಾಲೆಯಲ್ಲಿ ನಾನು ಮಕ್ಕಳ ತಪ್ಪು ತಿದ್ದುವ ಭಾಷೆ ಅದು. ಲಕೋಟೆ ಒಡೆದು ಮೊದಲ ಸಾಲು ನೋಡಿದ ಕೂಡಲೇ ಕಾಗದ ಮಡಚಿ ದಿಂಬಿನ ಕೆಳಗೆ ಇಡುತ್ತಿದ್ದೆ ಎಂದು ನೀವೇ ಹೇಳಿದ್ದಿರಿ. ಇವತ್ತೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ಯಾಕೆಂದು ಕೇಳಬೇಡಿ, ಓದುತ್ತಾ ಹೋಗಿ.

ನೀವು ಕೆಲಸ ಬಿಟ್ಟು ಊರಿಗೆ ಬಂದ ದಿನ ಬಜ್ಪೆ ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲಿ ನನ್ನ ಕೈ ಹಿಡಿದುಕೊಂಡಿದ್ದಿರಿ. ಮೂವತ್ತು ವರ್ಷ ಆ ದೇಶದಲ್ಲಿ ಟ್ರೇಲರ್ ಓಡಿಸಿದ ಕೈ. ಎರಡು ವರ್ಷ ದುಡಿಮೆ, ಎರಡು ತಿಂಗಳು ರಜೆ. ಎಲ್ಲ ರಜೆ ಸೇರಿಸಿದರೂ ನಾವು ಒಂದೇ ಮಾಡಿನ ಕೆಳಗೆ ಬದುಕಿದ್ದು ಮೂರು ವರ್ಷ ಆಗಲಿಕ್ಕಿಲ್ಲ. ಇನ್ನು ಮುಂದೆ ರಜೆ ಮುಗಿಯುವುದಿಲ್ಲ ಎಂದು ನಾನು ಕಪಾಟಿನ ಅರ್ಧ ಭಾಗ ಖಾಲಿ ಮಾಡಿ, ಹೊಸ ಕಾಗದ ಹಾಸಿ ಇಟ್ಟಿದ್ದೆ. ನೀವು ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿದಿರಿ. ದಿನಾ ಬೆಳಿಗ್ಗೆ ಅದನ್ನು ಎಳೆದು ಒಂದು ಅಂಗಿ ತೆಗೆಯುವುದು, ಸಂಜೆ ಮಡಚಿ ಅಲ್ಲಿಯೇ ಇಡುವುದು. ಅಭ್ಯಾಸ, ಬಿಡಲು ಸಮಯ ಬೇಕು ಎಂದುಕೊಂಡೆ.

ಕ್ಯಾಂಪರ್‌ನ ಮಾತು ಮೊದಲು ಎತ್ತಿದ್ದು ಮೀನು ಸಾರಿನ ಊಟದ ಮಧ್ಯೆ, ನೆನಪುಂಟಾ? “ಅಲ್ಲಿ ರಿಟೈರ್ ಆದ ಬಿಳಿಯರು ದೊಡ್ಡ ಕ್ಯಾಂಪರ್ ಗಾಡಿಗೆ ಕಟ್ಟಿಕೊಂಡು ಹೋಗ್ತಾರೆ, ಸಿಸಿಲಿ. ಗಂಡ ಹೆಂಡತಿ ಇಬ್ಬರೇ. ಮನೆ ಹಿಂದಿನಿಂದಲೇ ಬರ್ತದೆ. ನಾವೂ ಹಾಗೆ ಹೋಗುವ. ನಿನಗೆ ಹಿಮ ನೋಡ್ಬೇಕು ಅಂತ ಉಂಟಲ್ಲ?” ಎಂದಿರಿ. ನನಗೆ ಅಳುವೇ ಬಂತು. ಹಿಮ ಯಾರಿಗೆ ಬೇಕಿತ್ತು? ಹನ್ನೆರಡು ಅಡಿ ಉದ್ದದ ಒಂದು ಕೋಣೆಯಲ್ಲಿ ನೀವು ಮತ್ತು ನಾನು, ಎದ್ದು ಹೋಗಲು ಬೇರೆ ಕೋಣೆ ಇಲ್ಲ… ಅಷ್ಟು ಸಾಕಿತ್ತು. ಮದುವೆಗೆ ಮುಂಚೆ ಕೂಡ ನಾನು ಯಾವ ದಿನವನ್ನೂ ಹಾಗೆ ಕಾದವಳಲ್ಲ.

ಬೈಕಂಪಾಡಿಯ ಲಾರಿ ಬಾಡಿ ಕಟ್ಟುವವರ ಶೆಡ್ಡಿನಿಂದ ಅದು ಮನೆಗೆ ಬಂದ ದಿನ ನಮ್ಮ ಇಡೀ ಬಿಕರ್ನಕಟ್ಟೆಗೆ ಪುಕ್ಕಟೆ ಸಿನೆಮಾ. ಬಾಲ ಯೇಸುವಿನ ಪ್ರಾರ್ಥನೆಗೆ ಬಂದವರು ನಮ್ಮ ಗೇಟಿನ ಹತ್ತಿರವೂ ನಿಂತು ಹೋದರು. ಪಕ್ಕದ ಮನೆಯ ಬೆನ್ನಿ, “ಎಂತ ಟೀಚರ್, ಕೋಳಿ ಸಾಕುವುದಾ?” ಎಂದು ಕೇಳಿದ. ನಾನು ನಗುತ್ತಾ ಒಳಗೆ ಹೋದೆ. ಪುಟ್ಟ ಸಿಂಕು, ಗ್ಯಾಸ್ ಒಲೆ, ನೀರಿನ ಟ್ಯಾಂಕು, ಕಿಟಕಿಗೆ ನೀಲಿ ಪರದೆ. ಆ ಬದಿಗೊಂದು, ಈ ಬದಿಗೊಂದು ಒಂಟಿ ಮಲಗುವ ಹಲಗೆ. ನಡುವೆ ಓಡಾಡಲು ದಾರಿ. ನಿಮ್ಮ ಮಸ್ಕತ್ತಿನ ರೂಮಿನ ಫೋಟೋದಲ್ಲಿ ಇದ್ದ ಹಾಗೆಯೇ. ಡಬಲ್ ಮಂಚ ಮಾಡುವುದಾ ಎಂದು ಶೆಡ್ಡಿನವರು ಕೇಳಿದ್ದಕ್ಕೆ ನೀವೇ ಬೇಡ ಅಂದದ್ದಂತೆ. ಅಷ್ಟು ವರ್ಷ ಒಬ್ಬರೇ ಮಲಗಿದವರಿಗೆ ಇನ್ನೊಬ್ಬರ ಉಸಿರು ಕೇಳಿದರೆ ನಿದ್ದೆ ಬರುವುದಿಲ್ಲವೇನೋ. ಆವತ್ತು ನಾನು ಪರದೆಯ ಬಣ್ಣ ಹೊಗಳಿ ಹೊರಗೆ ಬಂದೆ.

ಆಮೇಲೆ ಶುರುವಾಯಿತು ನೋಡಿ ನಿಮ್ಮ ಡೀಸೆಲ್ ಪುರಾಣ. ಮೊದಲ ಸಂಜೆ ಜಗಲಿಯಲ್ಲಿ ಕೂತು ಹೇಳಿದಿರಿ: “ಇದನ್ನು ಎಳೆಯಲಿಕ್ಕೆ ತಂದ ಪಿಕಪ್ ಖಾಲಿ ಓಡಿದರೆ ಲೀಟರಿಗೆ ಹನ್ನೆರಡು ಕಿಲೋಮೀಟರ್. ಹಿಂದೆ ಇಷ್ಟು ದೊಡ್ಡದನ್ನು ಕಟ್ಟಿದರೆ ಆರು. ಆರು ಹಿಡಿದರೆ ನಮ್ಮ ಹಣದಲ್ಲಿ ಧಾರಾಳ ಆಗ್ತದೆ.” ನಾನು ಮರುದಿನವೇ ದಾರಿಗೆಂದು ಉಪ್ಪಿನಕಾಯಿ ಬಾಟಲಿಗೆ ತುಂಬಿಸಿದೆ. ಒಂದು ವಾರ ಕಳೆದ ಮೇಲೆ ಆರು ಐದಾಯಿತು. ಘಾಟಿ ಉಂಟಲ್ಲ, ಎಂದಿರಿ. ಮತ್ತೆ ನೀರಿನ ಟ್ಯಾಂಕಿನ ಭಾರ, ಎದುರು ಗಾಳಿ, ಎಸಿ. ನಾಲ್ಕೂವರೆಗೆ ಇಳಿಯಿತು. ಮಳೆಗಾಲ ಮುಗಿಯಲಿ ಎಂದಿರಿ, ಮುಗಿಯಿತು. ಡೀಸೆಲ್ ಇಳಿಯಲಿ ಎಂದಿರಿ. ಅದು ಯಾವ ಕಾಲದಲ್ಲಿ ಇಳಿದದ್ದುಂಟು? ಮೂವತ್ತು ವರ್ಷ ಕಂಪೆನಿಯ ಎಣ್ಣೆಯಲ್ಲಿ ಓಡಿಸಿದ ಮನುಷ್ಯ, ಸ್ವಂತ ದುಡ್ಡು ಸುಡುವಾಗ ಹತ್ತು ಸಲ ಲೆಕ್ಕ ಹಾಕುವುದು ಸಹಜ ಎಂದು ನಾನೇ ನಿಮ್ಮ ಪರ ವಾದಿಸಿಕೊಂಡೆ.

ಒಂದು ಮಧ್ಯಾಹ್ನ ಮಾತ್ರ ತಡೆಯದೆ ಕೇಳಿದೆ. ಎಷ್ಟು ಸಲ ಲೆಕ್ಕ ಬದಲಾದರೂ ಒಂದು ವಿಷಯ ಬದಲಾಗುತ್ತಿರಲಿಲ್ಲ.

“ಯಾವಾಗ ನೋಡಿದರೂ ಎರಡು ತಿಂಗಳ ಡೀಸೆಲ್ ಯಾಕೆ? ನಮಗೀಗ ಯಾವ ಕಂಪೆನಿ ರಜೆ ಕೊಡಬೇಕು?”

ನೀವು ನಿಜವಾಗಿಯೂ ಆಶ್ಚರ್ಯದಿಂದ ನನ್ನ ಮುಖ ನೋಡಿದಿರಿ. “ಮತ್ತೆ ಎಷ್ಟು?”

“ಮೂರು. ನಾಲ್ಕು. ಒಂದು ವರ್ಷ.”

“ಅಷ್ಟು ದಿನ ಎಂತ ಮಾಡುವುದು ಸಿಸಿಲಿ?”

ಆ ಪ್ರಶ್ನೆಯಲ್ಲಿ ತಮಾಷೆ ಇರಲಿಲ್ಲ. ಪರೀಕ್ಷೆಯಲ್ಲಿ ಬಾರದ ಪ್ರಶ್ನೆ ಬಂದ ಮಗುವಿನ ಮುಖ ನಿಮ್ಮದು. ನಾನು ಪಾತ್ರೆ ತೊಳೆಯಲು ಎದ್ದು ಹೋದೆ. ನಲ್ಲಿ ಜೋರಾಗಿ ಬಿಟ್ಟು ಅತ್ತೆ.

ಸೆಕೆ ಶುರುವಾದ ಮೇಲೆ ಮಧ್ಯಾಹ್ನದ ಊಟ ಮುಗಿಸಿ ಕ್ಯಾಂಪರ್‌ನಲ್ಲಿ ಮಲಗಲು ಹೋಗುತ್ತಿದ್ದಿರಿ. ಮನೆಯೊಳಗಿಗಿಂತ ಅಲ್ಲಿ ಹೆಚ್ಚು ಗಾಳಿ ಇದೆ ಎಂಬ ನೆಪ. ಹಲಸಿನ ಮರದ ಕೆಳಗೆ, ತಗಡಿನ ಡಬ್ಬಿಯಲ್ಲಿ, ಗಾಳಿಯಂತೆ! ಸೂಟ್‌ಕೇಸೂ ಅಲ್ಲಿಗೆ ಹೋಯಿತು. ಅಂಗಳದಲ್ಲಿಯೇ ನಿಮಗೊಂದು ಮಸ್ಕತ್ ಆಯಿತು. ನಾನು ಸಂಜೆ ಚಹಾ ತೆಗೆದುಕೊಂಡು ಹೋಗಿ ಬಾಗಿಲು ತಟ್ಟುತ್ತಿದ್ದೆ. ಸ್ವಂತ ಗಂಡನ ಬಾಗಿಲು, ತಟ್ಟದೆ ತೆರೆಯಲು ಸಂಕೋಚ. ಆ ದಿನವೂ ತಟ್ಟಿದೆ. ಚಹಾ ತಣ್ಣಗಾಗುವವರೆಗೂ ನಿಂತಿದ್ದೆ. ಹೃದಯ ನಿಂತದ್ದು ನಿದ್ದೆಯಲ್ಲಿಯೇ, ನೋವು ಗೊತ್ತಾಗಿರಲಿಕ್ಕಿಲ್ಲ ಎಂದರು ಡಾಕ್ಟರು. ಎಡಗಡೆಯ ಹಲಗೆಯಲ್ಲಿ ನೀವು ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಿರಿ. ಬಲಗಡೆಯದ್ದರ ಹಾಸಿಗೆಯ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

ನಿಮ್ಮ ತಿಂಗಳ ಪೂಜೆಗೆ ಕುವೈಟಿನಿಂದ ಬಂದಿದ್ದ ಜೆನಿ, “ಮಮ್ಮಿ, ಅದನ್ನು ಮಾರಿ ಬಿಡಿ, ನೋಡಲಿಕ್ಕೇ ಆಗುವುದಿಲ್ಲ” ಎಂದಳು. ಮಾರುವೆ, ಆದರೆ ಒಂದು ಕೆಲಸ ಬಾಕಿ ಉಂಟು ಎಂದೆ. ಏನೆಂದು ಅವಳಿಗೆ ಹೇಳಲಿಲ್ಲ, ನಿಮಗೆ ಹೇಳುತ್ತೇನೆ. ನನಗೆ ಒಂದೇ ಒಂದು ವಿಷಯ ಗೊತ್ತಾಗಬೇಕಿತ್ತು. ನೀವು ಹೊರಡದೆ ಉಳಿದದ್ದು ಡೀಸೆಲಿಗೆ ಹೆದರಿಯೋ, ನನಗೆ ಹೆದರಿಯೋ? ನಾಲ್ಕೂವರೆ ನಿಜವಾಗಿದ್ದರೆ ನಿಮ್ಮ ಹೆದರಿಕೆ ನ್ಯಾಯದ್ದು, ನಾನು ನೆಮ್ಮದಿಯಿಂದ ಅಳಬಹುದು. ಇಲ್ಲದಿದ್ದರೆ…

ಗಾಡಿ ಓಡಿಸಿ ಲೆಕ್ಕ ನೋಡಲು ಕಾಟಿಪಳ್ಳದ ಸದಾನಂದನನ್ನು ಕರೆಸಿದೆ. ನಿಮ್ಮ ಪಿಕಪ್ಪಿಗೆ ಬ್ರೇಕು ರಿಪೇರಿ ಮಾಡಿಕೊಟ್ಟವನು, ನಿಮ್ಮನ್ನು ಗೌರವದಿಂದ ಪೊರ್ಬುಗಳು ಎಂದು ಕರೆಯುತ್ತಿದ್ದವನು. “ಖಾಲಿ ಎಳೆದುಕೊಂಡು ಹೋಗುವ ಟೀಚರೆ, ಸುಮ್ಮನೆ ಭಾರ ಯಾಕೆ?” ಎಂದ. ಆಗುವುದಿಲ್ಲ ಎಂದೆ. ಟ್ಯಾಂಕಿಗೆ ನೀರು, ಸಿಲಿಂಡರ್, ಅಕ್ಕಿ, ಪಾತ್ರೆ, ನನ್ನ ಎರಡು ಪೆಟ್ಟಿಗೆ, ನಿಮ್ಮ ಸೂಟ್‌ಕೇಸ್, ಎಲ್ಲ ಹೇರಿಸಿದೆ. ಪಂಪಿನಲ್ಲಿ ಡೀಸೆಲನ್ನು ಕಂಠದವರೆಗೆ ತುಂಬಿಸಿ ಹೊರಟೆವು. ಶಿರಾಡಿ ಘಾಟಿಯಲ್ಲಿ ಪಿಕಪ್ಪು ಹೆರಿಗೆ ನೋವಿನವಳ ಹಾಗೆ ನರಳಿತು. ಇನ್ನೂ ನರಳು, ಇನ್ನೂ ಕುಡಿ ಎಂದು ನಾನು ಬೇಡಿಕೊಂಡೆ. ಡೀಸೆಲ್ ಹೆಚ್ಚು ಸುಡಲಿ ಎಂದು ಜಪಸರ ಹಿಡಿದವಳು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಸಕಲೇಶಪುರದಲ್ಲಿ ಗಾಡಿ ತಿರುಗಿಸಿ, ಸಂಜೆಯೊಳಗೆ ಅದೇ ಪಂಪಿಗೆ ಬಂದು ಮತ್ತೆ ಕಂಠದವರೆಗೆ ತುಂಬಿಸಿದೆವು. ಸದಾನಂದ ಮೊಬೈಲಿನಲ್ಲಿ ಒತ್ತಿ ನೋಡಿದ. ಮತ್ತೊಮ್ಮೆ ಒತ್ತಿದ.

“ಆರು ಟೀಚರೆ. ಘಾಟಿ ಸೇರಿ, ಇಷ್ಟು ಭಾರ ಸೇರಿ. ಪೊರ್ಬುಗಳು ಶುರುವಿಗೆ ನನ್ನ ಹತ್ತಿರವೂ ಆರೇ ಹೇಳಿದ್ದು. ಅವರ ಅಂದಾಜು ಎಂದರೆ ಅಂದಾಜು ಮಾರ್ರೆ!”

ಅವನು ನಿಮ್ಮನ್ನು ಹೊಗಳಿದ್ದು. ನಾನು ಹೌದು ಹೌದು ಎಂದು ತಲೆಯಾಡಿಸಿದೆ. ಟ್ರೇಲರ್ ಎಳೆದೇ ತಲೆ ನೆರೆಸಿದವರಿಗೆ ಅದು ಮೊದಲ ಸಂಜೆಯೇ ಗೊತ್ತಿತ್ತು. ಮೂರು ಸಲ ಹಿಮ ನೋಡಿ ಬರುವಷ್ಟು ಹಣವೂ ಇತ್ತು. ನಿಮ್ಮ ಲೆಕ್ಕ ಒಂದು ಸಲವಾದರೂ ತಪ್ಪಬಾರದಿತ್ತೇ? ಹೆಂಡತಿ ಎಂದರೆ ಭಯ ಎಂದು ಬಾಯಿ ಬಿಟ್ಟು ಹೇಳಿದ್ದರೆ ನಾನು ನಿಮ್ಮನ್ನು ತಿನ್ನುತ್ತಿದ್ದೆನೇ? ನನಗೂ ಸಂಸಾರ ಮಾಡಿ ಗೊತ್ತಿರಲಿಲ್ಲ ಮಾರಾಯ್ರೆ. ನೋಡಿ ಕಲಿಯುವ ಎಂದುಕೊಂಡಿದ್ದೆ.

ಕಳೆದ ವಾರ ಕ್ಯಾಂಪರನ್ನು ಬೆಂಗ್ರೆಯ ಒಬ್ಬರು ಕೊಂಡು ಹೋದರು. ಕಡಲ ಬದಿಯಲ್ಲಿ ಮೀನು ಕಾಯಿಸಿ ಮಾರುವ ಅಂಗಡಿಯಾಗುತ್ತದಂತೆ. ಚಕ್ರ ಕಳಚಿ ಕಲ್ಲಿನ ಮೇಲೆ ಕೂರಿಸಿದ್ದಾರೆ, ಹಲಗೆ ಎರಡನ್ನೂ ಕಿತ್ತು ಒಲೆಗೆ ಜಾಗ ಮಾಡಿದ್ದಾರೆ. ಹಣ ಎಣಿಸಿಕೊಂಡು ನೇರ ಇಗರ್ಜಿಗೆ ಹೋದೆ. ನೀವೀಗ ಇರುವುದು ಸಾಮಾನ್ಯ ಗುಂಡಿಯಲ್ಲಿ. ಕೆಲವು ವರ್ಷ ಕಳೆದರೆ ಅದನ್ನು ಅಗೆದು ಬೇರೆಯವರಿಗೆ ಕೊಡುತ್ತಾರೆ, ಕಾಯಂ ಜಾಗಕ್ಕೆ ಹಣ ಕಟ್ಟಬೇಕು. ಕಟ್ಟಿದೆ. “ಒಬ್ಬರ ಹೆಸರಿಗಾ, ಇಬ್ಬರ ಹೆಸರಿಗಾ?” ಎಂದು ಫಾದರ್ ಕೇಳಿದರು. ಬಾಗಿಲು ತಟ್ಟಿ ನಿಂತದ್ದು ನೆನಪಾಯಿತು. ಆಮೇಲೆ ಇಬ್ಬರ ಹೆಸರು ಬರೆಸಿದೆ.

ಪಕ್ಕ ಪಕ್ಕ ಕೊಡುವುದಿಲ್ಲವಂತೆ, ಜಾಗ ಇಲ್ಲ. ಒಂದೇ ಗುಂಡಿ. ಮೊದಲು ಹೋದವರ ಮೇಲೆಯೇ ಎರಡನೆಯವರು. ನಡುವೆ ಓಡಾಡಲು ದಾರಿ ಇರುವುದಿಲ್ಲ, ಎದ್ದು ಅಂಗಳಕ್ಕೆ ಹೋಗುವ ಹಾಗೂ ಇಲ್ಲ. ನನಗೆ ಸಕ್ಕರೆ ಕಾಯಿಲೆಯೊಂದು ಬಿಟ್ಟರೆ ಬೇರೆ ತೊಂದರೆ ಇಲ್ಲ, ಬರಲು ಇನ್ನೂ ಸಮಯ ಇದೆ. ಅಷ್ಟರೊಳಗೆ ಅಭ್ಯಾಸ ಮಾಡಿಕೊಳ್ಳಿ.

ನಿಮ್ಮ ಹೆಂಡತಿ,
ಸಿಸಿಲಿಯಾ