ಗಿಲಕಿ ಚಾನೆಲ್ಲಿನ ಪ್ರಫುಲ್ಲಚಂದ್ರರಿಗೆ, ಗುರುವಾರಕ್ಕೆ ಮೊದಲು

ರಾಣೆಬೆನ್ನೂರು
ಎರಡನೆಯ ಬೇಸಿಗೆಯ ಮೂವತ್ತೈದನೆಯ ತಾರೀಖು, ಇಸವಿ ೨೧೯೬

ಗಿಲಕಿ ಮಕ್ಕಳ ಚಾನೆಲ್ಲಿನ ಮುಖ್ಯಸ್ಥರಾದ ಪ್ರಫುಲ್ಲಚಂದ್ರ ಅವರಿಗೆ,

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಲು ಹೋಗಬೇಡಿ. ನಮ್ಮಲ್ಲಿ ಬೇಸಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ತಿಂಗಳುಗಳೂ ಅದಕ್ಕೆ ತಕ್ಕಂತೆ ಹಿಗ್ಗಿವೆ. ನನ್ನ ಮಾತು ಕೆಲವು ಕಡೆ ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ಕನ್ನಡವನ್ನು ಈ ಕಾಗದಕ್ಕಾಗಿಯೇ ಕಲಿತಿದ್ದೇನೆ. ತಪ್ಪುಗಳಿದ್ದರೆ ಕ್ಷಮಿಸಿ. ನಾನು ನಿಮ್ಮಲ್ಲಿ ಕೇಳುವ ಕ್ಷಮೆ ಇದೊಂದೇ.

ನನ್ನ ಹೆಸರು ಮುಗಿಲಿ. ಹೋದ ತಿಂಗಳು ನೀವು ಕೆಲಸದಿಂದ ತೆಗೆದುಹಾಕಿದಿರಲ್ಲ, ಹುಟ್ಟುಹಬ್ಬದ ಕಾರ್ಯಕ್ರಮದ ಸುಲೋಚನಾ, ಅವರು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಅವರನ್ನು ನಾನು ಕಂಡವಳಲ್ಲ. ಆದರೆ ಅವರಿಗೆ ನೀವು ಮಾಡಲಿರುವುದನ್ನು ನಮ್ಮ ಮನೆಯಲ್ಲಿ ಪ್ರತಿ ಮಗುವಿಗೂ, ಅದಕ್ಕೆ ಬುದ್ಧಿ ಬಂತು ಎನಿಸಿದ ದಿನ, ಕೂರಿಸಿಕೊಂಡು ಹೇಳುತ್ತಾರೆ. ನನಗೆ ನಮ್ಮಮ್ಮ ಹೇಳಿದಾಗ ನಾನು ಊಟ ಬಿಟ್ಟು ಎದ್ದು ಹೋಗಿದ್ದೆ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಇಷ್ಟವೂ ನನಗಿಲ್ಲ.

ಈ ಕಾಗದವನ್ನು ನಾನು ಪ್ರೀತಿಯಿಂದ ಬರೆಯುತ್ತಿಲ್ಲ. ನಮ್ಮಲ್ಲಿ ಒಂದು ಕಟ್ಟಳೆಯಿದೆ, ಅದಕ್ಕೆ ಮುಂಗಾಗದ ಎನ್ನುತ್ತೇವೆ. ಸತ್ತವರ ಹೆಸರಿಗೆ ಹತ್ತು ಜನರೆದುರು ಮಸಿ ಬಳಿಯಬೇಕೆಂದರೆ, ಮೊದಲು ಅವರಿಗೆ ಒಂದು ಕಾಗದ ಹಾಕಬೇಕು. ಅದು ತಪ್ಪು ನಡೆಯುವುದಕ್ಕೆ ಮೊದಲೇ ಅವರ ಕೈ ಸೇರಬೇಕು, ತಿದ್ದಿಕೊಳ್ಳಲು ಅವರಿಗೆ ಸಮಯವಿರಬೇಕು. ಬಾಯಿಲ್ಲದವರನ್ನು ಬೈಯುವುದು ಸುಲಭ ಎಂದು ನಮ್ಮ ಹಿರಿಯರು ಮಾಡಿದ ನಿಯಮವಿದು. ಕಾಗದವನ್ನು ಹಿಂದಕ್ಕೆ ಒಯ್ಯುವ ಅಂಚೆ ಹೇಗೆ ಕೆಲಸ ಮಾಡುತ್ತದೆಂದು ನನ್ನನ್ನು ಕೇಳಬೇಡಿ. ನೀವು ಅಂಚೆಪೆಟ್ಟಿಗೆಗೆ ಹಾಕಿ ಸುಮ್ಮನಾಗುತ್ತಿದ್ದ ಹಾಗೆ ನಾನೂ ಗುಡಾಣದಂಥ ಒಂದು ಬಾಯಿಗೆ ಹಾಕಿ ಮನೆಗೆ ಬರುತ್ತೇನೆ.

ನಿಮ್ಮ ಹೆಸರನ್ನು ನಾನು ಏನು ಮಾಡಬಲ್ಲೆ ಎಂದು ತಿಳಿಯಬೇಕಾದರೆ ನಮ್ಮೂರು ಹೇಗಿದೆಯೆಂದು ಸ್ವಲ್ಪ ಗೊತ್ತಿರಬೇಕು. ಹಗಲು ಇಲ್ಲಿ ಯಾರೂ ಬಯಲಿಗೆ ಬರುವುದಿಲ್ಲ. ಓಡಾಟವೆಲ್ಲ ನೆರಳುದಾರಿಗಳಲ್ಲಿ, ಅಂದರೆ ಮೇಲೆ ಬಳ್ಳಿ ಹಬ್ಬಿಸಿದ ಉದ್ದುದ್ದದ ಓಣಿಗಳಲ್ಲಿ. ಅಡುಗೆ ಓಣಿಗೊಂದು ಮನೆಯಲ್ಲಿ ನಡೆಯುತ್ತದೆ. ಒಲೆಯ ಬಿಸಿ ಒಂದೇ ಕಡೆ ಇರಲಿ ಎಂದು ಸರದಿಯ ಮೇಲೆ ರೊಟ್ಟಿ ಬಡಿಯುತ್ತೇವೆ, ಯಾರ ರೊಟ್ಟಿ ದಪ್ಪ ಎಂಬ ಜಗಳ ಮಾತ್ರ ನಿಮ್ಮ ಕಾಲದಂತೆಯೇ ಇದೆ. ಮಕ್ಕಳ ಕೈಗೆ ಪರದೆ ಕೊಡುವುದನ್ನು ನಮ್ಮ ಮುತ್ತಜ್ಜಂದಿರ ಕಾಲದಲ್ಲಿಯೇ ನಿಲ್ಲಿಸಿದರು. ಅದರ ಬದಲು ಕೇಳುಗಟ್ಟೆಗಳಿವೆ. ಬಿಸಿಲು ಇಳಿದ ಮೇಲೆ ಓಣಿಯ ಮಕ್ಕಳೆಲ್ಲ ಕಟ್ಟೆಗೆ ಬಂದು ಕೂರುತ್ತಾರೆ, ಕಟ್ಟೆಯಕ್ಕ ಕಥೆ ಹೇಳುತ್ತಾಳೆ. ಅವಳ ದನಿ ತಂತಿಯಲ್ಲಿ ಹರಿದು ಈ ಸೀಮೆಯ ಎಲ್ಲ ಕಟ್ಟೆಗಳಿಗೂ ಹೋಗುತ್ತದೆ. ಅವಳು ಸಂಜೆ ಹೇಳಿದ ಹೆಸರನ್ನು ಮಕ್ಕಳು ಮರುದಿನ ಆಟದಲ್ಲಿ ಕೂಗುತ್ತಾರೆ, ಅವರು ದೊಡ್ಡವರಾದ ಮೇಲೂ ಅದು ಬಾಯಲ್ಲಿ ಉಳಿಯುತ್ತದೆ. ಈ ಸೀಮೆಯ ಕಟ್ಟೆಯಕ್ಕ ಈಗ ನಾನು.

ಈ ನೆಲದಲ್ಲಿ ಒಂದು ಬೈಗುಳವಿದೆ. ದುಃಖದಲ್ಲಿರುವವರ ಮುಂದೆ ಹಲ್ಲು ಕಿರಿಯುವವಳಿಗೆ ಸುಲೋಚನಿ ಎನ್ನುತ್ತಾರೆ. ಇದು ಯಾರ ಹೆಸರೆಂದು ಬೈಯುವವರಿಗೆ ಗೊತ್ತಿಲ್ಲ. ನಮಗೆ ಗೊತ್ತಿದೆ.

ಸುಲೋಚನಾ ನಿಮ್ಮಲ್ಲಿಗೆ ಬಂದಾಗ ಗಿಲಕಿ ಹೇಗಿತ್ತು, ನೆನಪು ಮಾಡಿಕೊಳ್ಳಿ. ತೊಗಲುಗೊಂಬೆಯ ಕಥೆಗಳಿದ್ದವು, ಶಾಲೆಗಳಿಗೆ ಹೋಗಿ ಒಗಟು ಕೇಳುವ ಕಾರ್ಯಕ್ರಮವಿತ್ತು. ಯಾವುದೋ ದೇಶದ ಕಾರ್ಟೂನ್ ಕರಡಿ ನಿಮ್ಮಲ್ಲಿ ಹಾವೇರಿ ಕನ್ನಡ ಮಾತಾಡಿ ಇಡೀ ನಾಡನ್ನು ನಗಿಸುತ್ತಿತ್ತು. ಆಮೇಲೆ ಜಾಹೀರಾತು ಇಳಿಯಿತು, ನೀವು ಕತ್ತರಿ ಕೈಗೆತ್ತಿಕೊಂಡಿರಿ. ಮೊದಲು ಗೊಂಬೆಯವರು ಹೋದರು. ಆಮೇಲೆ ದನಿ ಕೊಡುವವರನ್ನು ಒಬ್ಬೊಬ್ಬರಾಗಿ ಬಿಡಿಸಿ, ಉಳಿದ ಒಬ್ಬಾತನಿಂದಲೇ ಎಲ್ಲ ಪಾತ್ರ ಮಾಡಿಸಿದಿರಿ. ತಾಯಿ ಕರಡಿಯೂ ತೋಳವೂ ಒಂದೇ ಗಂಟಲಲ್ಲಿ ಮಾತಾಡತೊಡಗಿದವು. ಒಬ್ಬ ಹುಡುಗಿ ಫೋನು ಮಾಡಿ, “ತ್ವಾಳಾನಽ ಅವ್ವನ ಸೀರಿ ಉಟ್ಕೊಂಡೈತೇನ್ರಿ?” ಎಂದು ಕೇಳಿದಳಂತೆ. ನೀವು ನಕ್ಕಿರಂತೆ, ಅಷ್ಟೇ. ಬೆಳಗಿನ ಹೊತ್ತನ್ನು ಕೂದಲೆಣ್ಣೆಯವರಿಗೆ, ಬೊಜ್ಜು ಕರಗಿಸುವ ಪಟ್ಟಿಯವರಿಗೆ ಕೊಟ್ಟಿರಿ. ಶಾಲೆಗೆ ಹೊರಟ ಮಕ್ಕಳು ಹಾಲು ಕುಡಿಯುತ್ತ ಬೋಳು ತಲೆಗಳನ್ನು ನೋಡಿದರು. ಕೇಬಲ್ಲಿನವರು ಗಿಲಕಿಯನ್ನು ಹಿಂದಕ್ಕೆ ತಳ್ಳಿ ತಳ್ಳಿ ಯಾರೂ ಹೋಗದ ಮೂಲೆಯಲ್ಲಿ ಕೂರಿಸಿದರು. ಮುಳುಗುವ ಅಂಗಡಿಯಲ್ಲಿ ಇದೆಲ್ಲ ನಡೆಯುತ್ತದೆ, ಇದಕ್ಕಾಗಿ ನಾನು ನಿಮ್ಮ ಮೇಲೆ ಹಗೆ ಸಾಧಿಸುತ್ತಿಲ್ಲ.

ಕೊನೆಗೆ ಜನ ನೋಡುತ್ತಿದ್ದದ್ದು, ಮನೆಯವರು ಕಳಿಸಿದ ಮಗುವಿನ ಫೋಟೋ ತೋರಿಸಿ ಹರಸುವ ಹುಟ್ಟುಹಬ್ಬದ ಕಾರ್ಯಕ್ರಮವೊಂದನ್ನೇ. ಅದರ ಹಿಂದೆ ಏನು ನಡೆಯುತ್ತಿತ್ತೆಂದು ನಿಮಗೆ ಗೊತ್ತು. ಫೋಟೋ ಬಂದ ಪ್ರತಿ ಮನೆಗೂ ಸುಲೋಚನಾ ಅದೇ ದಿನ ಬೆಳಿಗ್ಗೆ ತಾವೇ ಫೋನು ಮಾಡುತ್ತಿದ್ದರು. ಮಗುವನ್ನು ಮನೆಯಲ್ಲಿ ಏನೆಂದು ಕರೆಯುತ್ತೀರಿ, ಏನು ತಿಂದರೆ ಇಷ್ಟ, ಯಾರ ಮೇಲೆ ಕೋಪ ಎಂದೆಲ್ಲ ಕೇಳಿ, ಸಂಜೆ ಹೆಸರಿನ ಜೊತೆ ಅದನ್ನೂ ಸೇರಿಸಿ ಹೇಳುತ್ತಿದ್ದರು. ಫೋನು ಎತ್ತದ ಮನೆಯ ಹೆಸರನ್ನು ಅವರು ಓದುತ್ತಿರಲಿಲ್ಲ. ನೀವು ಎಷ್ಟು ಗದರಿದರೂ ಓದಲಿಲ್ಲ. “ಮನ್ಯಾಗ ಏನಾಗೇತೋ ಏನೋ, ಕೇಳದಽ ಹೆಂಗ ಹರಸ್ಲಿ ಸರ್?” ಎಂದರಂತೆ. ಅದಕ್ಕೆ ನೀವು, “ಇದು ಚಾನೆಲ್ಲು ಕಣಮ್ಮ, ಬೀಗರ ಮನೆ ಅಲ್ಲ” ಎಂದಿರಿ. ಈ ಮಾತು ನಮ್ಮ ಮನೆಯಲ್ಲಿ ಒಂದಕ್ಷರವೂ ಕೆಡದೆ ಉಳಿದು ಬಂದಿದೆ.

ಈಗ ಅವರು ನಿಮ್ಮಲ್ಲಿ ಕೆಲಸಕ್ಕಿಲ್ಲ. ನೀವು ಜಾಣರು, ಉಪಾಯ ಹುಡುಕಿದ್ದೀರಿ. “ಬರ್ತ್‌ಡೇ ವರ್ಷಾ ವರ್ಷಾ ಬರುತ್ತಲ್ರೀ, ಹೋದ ವರ್ಷದ್ದೇ ಹಾಕಿ, ಯಾರಿಗೆ ಗೊತ್ತಾಗುತ್ತೆ?” ಎಂದು ಸಂಕಲನದವನಿಗೆ ಹೇಳಿದ್ದೀರಿ. ಮಗುವಿಗೆ ಎಷ್ಟು ವರ್ಷ ತುಂಬಿತು ಎಂದು ಸುಲೋಚನಾ ಹೇಳುವ ಕಡೆ ಮಾತ್ರ ದನಿ ಅಳಿಸಲು ತಿಳಿಸಿದ್ದೀರಿ. ತಾರೀಖಿಗೆ ತಾರೀಖು ಸರಿಹೊಂದಿಸಿ, ಹಳೆಯ ಟೇಪುಗಳನ್ನು ಜೋಡಿಸಿಟ್ಟಿದ್ದೀರಿ. ಗುರುವಾರ ಸಂಜೆಯಿಂದ ಶುರು.

ಗುರುವಾರದ ಟೇಪಿನಲ್ಲಿ ನವಲಗುಂದದ ಸಿಂಚನಾ ಎಂಬ ಹುಡುಗಿ ಇದ್ದಾಳೆ. ಎರಡು ಜಡೆ, ಮುಂದಿನ ಹಲ್ಲಿಲ್ಲ, ಕೈಯಲ್ಲಿ ಮೇಕೆಮರಿ. ಈ ಮಳೆಗಾಲದಲ್ಲಿ ಅವಳು ಜ್ವರ ಬಂದು ತೀರಿಕೊಂಡಿದ್ದಾಳೆ. ಅವಳ ತಾಯಿ ರತ್ನವ್ವ ಆ ಸಂಜೆ ಗಿಲಕಿ ಹಾಕಿಕೊಂಡು ಕೂತಿರುತ್ತಾಳೆ. ಮಗಳ ಹುಟ್ಟುಹಬ್ಬ, ಮಗಳು ನೋಡುತ್ತಿದ್ದ ಚಾನೆಲ್ಲು, ಇನ್ನೇನು ಮಾಡಬೇಕೆಂದು ಅವಳಿಗೆ ತೋಚಿರುವುದಿಲ್ಲ. ಆಗ ಮಗಳು ಮೇಕೆಮರಿ ಎತ್ತಿಕೊಂಡು ಪರದೆಯ ಮೇಲೆ ಬರುತ್ತಾಳೆ. ಸುಲೋಚನಾ ಬಾಯ್ತುಂಬ ನಗುತ್ತ, “ನಮ್ಮ ಸಿಂಚು ಬಂಗಾರೀಗೆ ಈಗ” ಎನ್ನುತ್ತಾರೆ. ಆಮೇಲೆ ಅವರ ತುಟಿ ಅಲ್ಲಾಡುತ್ತದೆ, ದನಿ ಇರುವುದಿಲ್ಲ. ಆಮೇಲೆ, “ನೂರ ವರ್ಷ ಬಾಳವ್ವ, ಮುಂದಿನ ವರ್ಷಾನೂ ಫೋಟೋ ಕಳಸ್ಬೇಕ ಮತ್ತ!”

ರತ್ನವ್ವ ಬೈಯಲಿಲ್ಲ. ಸುಲೋಚನಾರ ನಂಬರು ಅವಳಲ್ಲಿತ್ತು, ಹಿಂದಿನ ವರ್ಷ ಅವರೇ ಕರೆ ಮಾಡಿದ್ದರಲ್ಲ. ಫೋನು ಮಾಡಿ ಕೇಳಿದ್ದು ಒಂದೇ ಮಾತು: “ಅಕ್ಕಾರ, ಎಷ್ಟು ತುಂಬ್ತು ಅಂದ್ರಿ ನೀವು? ನನಗ ಕೇಳ್ಸಲಿಲ್ಲ.” ಸುಲೋಚನಾ ಆಗ ರಾಣೆಬೆನ್ನೂರಿನ ಮನೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. ಟಿವಿಯಲ್ಲಿ ತಾವು ಬಂದದ್ದೂ ಅವರಿಗೆ ಗೊತ್ತಿರಲಿಲ್ಲ.

ಯಾರೋ ಆ ತುಣುಕನ್ನು ಫೋನಿನಿಂದ ಫೋನಿಗೆ ಹಂಚಿದರು. ಊರೂರಲ್ಲಿ ಜನ ಸುಲೋಚನಾರ ನಗುಮುಖಕ್ಕೆ ಥೂ ಎಂದರು. ಪತ್ರಿಕೆಯವರು ನಿಮ್ಮನ್ನು ಕೇಳಿದಾಗ ನೀವು ಕನ್ನಡಕ ಒರೆಸಿಕೊಳ್ಳುತ್ತ, ನಿರೂಪಕಿ ಮನೆಯವರನ್ನು ವಿಚಾರಿಸದೆ ಹೀಗೆ ಮಾಡಿದ್ದಾರೆ, ಅವರನ್ನು ಕೈಬಿಟ್ಟಿದ್ದೇವೆ ಎಂದಿರಿ. ವಿಚಾರಿಸದೆ! ಯಾವ ಕೆಲಸಕ್ಕಾಗಿ ಅವರನ್ನು ಹೀಯಾಳಿಸಿದಿರೋ ಅದನ್ನೇ ಮಾಡಲಿಲ್ಲವೆಂದು ಅವರ ತಲೆಗೆ ಕಟ್ಟಿದಿರಿ. ಸುಲೋಚನಾ ನಿಜ ಹೇಳಲು ಹೋದರು, ಯಾರೂ ಕೇಳಲಿಲ್ಲ. ಮತ್ತೆ ಎಂದೂ ಅವರು ಯಾವ ಮಗುವಿನ ತಲೆಯ ಮೇಲೂ ಕೈಯಿಟ್ಟು ಹರಸಲಿಲ್ಲ, ತಮ್ಮ ಮೊಮ್ಮಕ್ಕಳನ್ನು ಕೂಡ. ನಮ್ಮ ಮನೆಯಲ್ಲಿ ಹುಟ್ಟುಹಬ್ಬದ ದಿನ ಎಲ್ಲರೂ ಸುಮ್ಮನೆ ಉಣ್ಣುತ್ತೇವೆ, ಅಷ್ಟೇ. ನನ್ನನ್ನೂ ಯಾರೂ ಹರಸಿಲ್ಲ, ನಾನೂ ನನ್ನ ಮಗಳನ್ನು ಹರಸಿಲ್ಲ. ಹರಸಬೇಕೆಂದು ಬಾಯಿ ತೆರೆದಾಗಲೆಲ್ಲ ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಎದ್ದುಬಿಡುತ್ತೇನೆ.

ಗಿಲಕಿ ಆ ವರ್ಷವೇ ಮುಚ್ಚಿತು. ಒಂದು ಬೆಳಿಗ್ಗೆ ಮಕ್ಕಳು ಟಿವಿ ಹಾಕಿದರೆ ನೀಲಿ ಪರದೆ, ಪ್ರಸಾರ ನಿಂತಿದೆ ಎಂಬ ಒಂದು ಸಾಲು. ನಿಮಗೇನೂ ಆಗಲಿಲ್ಲ. ಇನ್ನೂ ದೊಡ್ಡ ಚಾನೆಲ್ಲಿಗೆ ಹೋದಿರಿ, ಮಕ್ಕಳ ಸೇವೆಗೆಂದು ಶಾಲು ಹೊದಿಸಿಕೊಂಡಿರಿ, ತುಂಬು ಆಯುಸ್ಸು ಬದುಕಿ ನಿದ್ದೆಯಲ್ಲಿ ಹೋದಿರಿ.

ಆದ್ದರಿಂದ ನಾನೊಂದು ಕಥೆ ಕಟ್ಟಿದ್ದೇನೆ. ಎರಡು ಬೇಸಿಗೆಗಳಿಗೆ ಆಗುವಷ್ಟು ದೊಡ್ಡ ಕಥೆ. ಅದರ ಖಳನ ಹೆಸರು ಪ್ರಫುಲ್ಲಚಂದ್ರ. ಕನ್ನಡಕ, ಶಾಲು, ಎಲ್ಲ ನಿಮ್ಮವೇ. ಊರಿಗೆ ಕೆಟ್ಟದ್ದು ಮಾಡಿ, ಅಲ್ಲೇ ನಿಂತಿದ್ದ ಯಾರನ್ನಾದರೂ ತೋರಿಸಿ ಜಾರಿಕೊಳ್ಳುವುದು ಅವನ ಚಾಳಿ. ಓಣಿಯ ನಾಲ್ಕು ಮಕ್ಕಳ ಮುಂದೆ ಸ್ವಲ್ಪ ಹೇಳಿ ನೋಡಿದೆ. ಮರುದಿನ ಒಬ್ಬಳು ಹಾಲು ಚೆಲ್ಲಿ ಬೆಕ್ಕಿನ ಕಡೆ ಕೈ ತೋರಿಸಿದಾಗ ಅವಳ ತಮ್ಮ, “ಏ, ಪ್ರಫುಲ್ಲ ಮಾಡಬ್ಯಾಡ ನೋಡು!” ಎಂದ. ನನಗಾದ ಸಂತೋಷವನ್ನು ಏನೆಂದು ಬರೆಯಲಿ! ಆ ದಿನ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ನಿಮ್ಮ ವಂಶದವರು ಧಾರವಾಡದ ಕಡೆ ಇದ್ದಾರೆ, ಅವರಲ್ಲೊಬ್ಬಳು ಚಿಕ್ಕ ಹುಡುಗಿ ಅಲ್ಲಿಯ ಕಟ್ಟೆಗೆ ಬಂದು ನನ್ನ ಕಥೆ ಕೇಳುತ್ತಾಳೆಂದೂ ಗೊತ್ತು. ಅವಳ ಮುಖ ಕಣ್ಣೆದುರು ಬಂದಾಗ ಸ್ವಲ್ಪ ಕಸಿವಿಸಿಯಾಗುತ್ತದೆ. ನನ್ನ ಮಗಳ ಮುಖ ಬಂದಾಗ ಅದು ಹೋಗುತ್ತದೆ.

ಕಟ್ಟಳೆಯಂತೆ ಈಗ ಕೇಳಲೇಬೇಕು, ಕೇಳುತ್ತೇನೆ. ಗುರುವಾರದ ಟೇಪನ್ನು ಹಾಕಬೇಡಿ. ಆ ಹೊತ್ತಿಗೆ ಕೂದಲೆಣ್ಣೆಯನ್ನೇ ತೋರಿಸಿ, ಅಡ್ಡಿಯಿಲ್ಲ. ಹಾಕಿಯೇ ತೀರುತ್ತೀರೆಂದರೆ, ಪತ್ರಿಕೆಯವರು ಬಂದಾಗ ಒಂದೇ ಒಂದು ಸಾಲು ಹೇಳಿ: ಹಾಕಿಸಿದ್ದು ನಾನು. ಎರಡರಲ್ಲಿ ಯಾವುದನ್ನು ಮಾಡಿದರೂ ಇಲ್ಲಿ ಆ ಬೈಗುಳ ಹುಟ್ಟಿರುವುದೇ ಇಲ್ಲ, ನಮ್ಮ ಮನೆಯಲ್ಲಿ ಹುಟ್ಟುಹಬ್ಬದ ದಿನ ಗದ್ದಲವಿರುತ್ತದೆ. ನಿಮ್ಮ ಹೆಸರು ನನಗೆ ತಿಳಿದೂ ಇರುವುದಿಲ್ಲ. ಕಟ್ಟಿದ ಕಥೆ ಕೈಬಿಡಬೇಕಾಗುತ್ತದೆ ಎಂದು ಹೊಟ್ಟೆ ಉರಿಯುತ್ತದೆ, ಆದರೂ ಕೇಳುತ್ತಿದ್ದೇನೆ.

ನಮ್ಮಲ್ಲಿ ಉತ್ತರ ಬರುವ ರೀತಿ ಬೇರೆ. ಬರೆದ ಕಾಗದವನ್ನು ಅಂಚೆಗೆ ಹಾಕಿದ ಮೇಲೆ ನಕಲನ್ನು ಮುಂದಿಟ್ಟುಕೊಂಡು ಕಾಯುತ್ತೇವೆ. ಅಲ್ಲಿ ತಪ್ಪು ತಿದ್ದಿದರೆ ಇಲ್ಲಿ ನಕಲು ಖಾಲಿ ಹಾಳೆಯಾಗುತ್ತದೆ, ಬರೆದವರಿಗೆ ತಾವೇಕೆ ಕೂತಿದ್ದೇವೆಂದೇ ಮರೆತುಹೋಗುತ್ತದೆಯಂತೆ. ಈ ಕಡೆಯ ಸಾಲುಗಳನ್ನು ನಾನು ಬರೆಯುತ್ತಿರುವುದು ಆ ನಕಲಿನ ಮೇಲೆಯೇ. ಬಿಸಿಲು ಇಳಿಯುತ್ತಿದೆ. ಅಕ್ಷರಗಳೆಲ್ಲ ಇದ್ದಲ್ಲೇ ಇವೆ. ನನ್ನ ಸಿಟ್ಟೂ ಇದ್ದಷ್ಟೇ ಇದೆ. ಹಾಗಾದರೆ ನೀವು ಎಲ್ಲ ಓದಿ, ತಿಳಿದು, ಟೇಪು ಹಾಕಿಸಿದಿರಿ.

ಮಕ್ಕಳು ಬಂದು ಕೂತಿದ್ದಾರೆ, ಪ್ರಫುಲ್ಲಚಂದ್ರ ಅವರೇ. ನಾನು ಹೊರಟೆ.

ಮುಗಿಲಿ
ಸುಲೋಚನಾರ ಮನೆಯವಳು